ಹರಿಯುವ ರಕ್ತಕ್ಕೆ ಕನ್ನಡ ಕಟ್ಟಿದ ಮಾತು

ಮೈಯೊಳಗೆ ಸುತ್ತುವ ರಕ್ತಕ್ಕೂ ಹೊರಗೆ ಚೆಲ್ಲಿದ ರಕ್ತಕ್ಕೂ ಕನ್ನಡದ ಬಳಕೆಯಲ್ಲಿ ಸಣ್ಣ ವ್ಯತ್ಯಾಸವಿದೆ. ಅಚ್ಚಗನ್ನಡದ ‘ನೆತ್ತರು’ ಹಳೆಯ ಕಾವ್ಯಗಳ ರಣರಂಗದಿಂದ ಇಂದಿನ ಪತ್ರಿಕೆಗಳವರೆಗೆ ಹೆಚ್ಚಾಗಿ ಚೆಲ್ಲಿದ್ದನ್ನೇ ಹೇಳುತ್ತದೆ. ಒತ್ತಡ, ಗುಂಪು, ಪರೀಕ್ಷೆ, ದಾನ ಇವಕ್ಕೆಲ್ಲ ‘ರಕ್ತ’ವೇ ಬೇಕು. ಶಿಬಿರದ ಬ್ಯಾನರಿನಲ್ಲಿ ‘ನೆತ್ತರುದಾನ’ ಎಂದು ಬರೆದರೆ ಬಂದವರು ಬಾಗಿಲಲ್ಲೇ ಹಿಂದೆ ಸರಿದಾರು.

ಕೆಂಪಾದದ್ದು ಎಂಬ ಅರ್ಥದ ಸಂಸ್ಕೃತದ ‘ರಕ್ತ’ ಆಯುರ್ವೇದದ ಸಪ್ತಧಾತುಗಳಲ್ಲಿ ರಸದ ನಂತರದ್ದು. ರಸವನ್ನು ಮೈಯೆಲ್ಲ ಹರಡುವುದು ವ್ಯಾನವಾಯು. ಸುಶ್ರುತ ಸಂಹಿತೆಯ ಪ್ರಕಾರ ಧಮನಿಗಳ ಮೂಲ ನಾಭಿ. ಹೃದಯದಿಂದ ಹೊರಟ ರಕ್ತ ಸುತ್ತಿಬಂದು ಮತ್ತೆ ಹೃದಯವನ್ನೇ ಸೇರುತ್ತದೆಂದು ವಿಲಿಯಂ ಹಾರ್ವೆ ತೋರಿಸಿಕೊಟ್ಟದ್ದು 1628ರಲ್ಲಿ.

ಆಯುರ್ವೇದ, ಪಾಶ್ಚಾತ್ಯ ವೈದ್ಯ ಎಂಬ ಈ ಎರಡೂ ವಿದ್ಯೆಗಳು ಮೈಸೂರಿನಲ್ಲಿ ಅಕ್ಕಪಕ್ಕ ನೆಲೆಸಿದವು. ಆಯುರ್ವೇದ ಕಾಲೇಜು 1908ರದ್ದು. ಬೆಂಗಳೂರಿನಲ್ಲಿ 1924ರಲ್ಲಿ ತೆರೆದ ಮೆಡಿಕಲ್ ಕಾಲೇಜು 1930ರಲ್ಲಿ ಇಲ್ಲಿಗೆ ಬಂತು. ಅಲ್ಲಿನ ಪಾಠ ಇಂಗ್ಲಿಷಿನಲ್ಲಿ. ಆದರೆ ಶಾಲೆಯ ಮಕ್ಕಳಿಗೂ ಓದುಗರಿಗೂ ಕನ್ನಡದಲ್ಲೇ ಹೇಳಬೇಕಿತ್ತು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು 1946ರಲ್ಲಿ ಹೊರಬಂತು. ಮುಂದೆ ಕನ್ನಡ ವಿಶ್ವಕೋಶದ ಕೆಲಸವೂ ಅದರ ಆವರಣವಾದ ಮಾನಸಗಂಗೋತ್ರಿಯಲ್ಲೇ ನಡೆಯಿತು.

ಹೀಗೆ ನೆಲೆಗೊಂಡ ಮಾತು ‘ರಕ್ತಪರಿಚಲನೆ’. ಬರೀ ‘ಚಲನೆ’ ಎಂದಿದ್ದರೆ ನದಿಯಂತೆ ಹರಿದುಹೋದೀತು. ‘ಪರಿ’ ಸೇರಿದ್ದರಿಂದ ಸುತ್ತು ಪೂರ್ಣವಾಯಿತು. ಅದಕ್ಕಿಂತ ಜಾಣತನ ಕಾಣುವುದು ನಾಳಗಳ ಹೆಸರಲ್ಲಿ. ಆಯುರ್ವೇದದ ‘ಧಮನಿ’ಯನ್ನೇ ಇಟ್ಟುಕೊಂಡು, ಹೃದಯದಿಂದ ಆಚೆ ಒಯ್ಯುವುದು ಅಪಧಮನಿ, ಹೃದಯದತ್ತ ತರುವುದು ಅಭಿಧಮನಿ ಎಂದರು. ಪಠ್ಯಗಳು ‘ಶುದ್ಧ ರಕ್ತ’, ‘ಅಶುದ್ಧ ರಕ್ತ’ ಎಂದು ನಾಳಗಳನ್ನು ವಿಂಗಡಿಸಿದಾಗ ಶ್ವಾಸಕೋಶದ ಹತ್ತಿರ ಲೆಕ್ಕ ತಪ್ಪುತ್ತದೆ: ಅಲ್ಲಿಗೆ ಹೋಗುವ ಅಪಧಮನಿಯಲ್ಲಿರುವುದು ಆಮ್ಲಜನಕ ಕಡಿಮೆಯಾದ ರಕ್ತ. ದಿಕ್ಕನ್ನು ಹಿಡಿದು ಇಟ್ಟ ಹೆಸರಿಗೆ ಆ ತೊಡಕಿಲ್ಲ. ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹೀಗೆ ಸುತ್ತಿಸುತ್ತದೆ.

ಊರಿನ ಬಾಯಲ್ಲಿ ‘ಪರಿಚಲನೆ’ ಇಳಿಯಲಿಲ್ಲ. ದೊಡ್ಡಾಸ್ಪತ್ರೆಯೆಂದೇ ಮೈಸೂರಿಗರು ಕರೆಯುವ ಕೆ.ಆರ್. ಆಸ್ಪತ್ರೆಯಲ್ಲಿ ಸಾಲು ನಿಂತವರಿಗೆ ಒತ್ತಡವೆಂದರೆ ‘ಬಿಪಿ’. ಕಾಲು ಜೋಮು ಹಿಡಿದರೆ ‘ರಕ್ತ ಸರಿಯಾಗಿ ಓಡಾಡ್ತಿಲ್ಲ’. ಒಂದು ಮಾತು ಮಾತ್ರ ಅಡುಗೆಮನೆಯಿಂದ ನೇರ ವೈದ್ಯರ ಬರಹಕ್ಕೆ ಹೋಗಿದೆ: ಹಾಲು ಮೊಸರಾಗುವ ‘ಹೆಪ್ಪುಗಟ್ಟುವುದು’ ರಕ್ತಕ್ಕೂ ಸಲ್ಲುತ್ತದೆ, ಅದಕ್ಕೆ ನಿಘಂಟಿನ ನೆರವು ಬೇಕಾಗಲಿಲ್ಲ.