ಕಳಿಸಿದ್ದು ಬೇರೆ, ತಲುಪಿದ್ದು ಬೇರೆ



ಈ ಸಲ ವಾರ್ಷಿಕ ಚಂದಾ ಕಟ್ಟುವಾಗ ನಮ್ಮ ಸದಸ್ಯರೊಬ್ಬರಿಗೆ ತೊಂದರೆಯಾಯಿತು. ಫೋನಿನಿಂದ ಹಣ ಹೋಯಿತು, ರಸೀದಿ ಬರಲಿಲ್ಲ. ಗಾಬರಿಯಾಗಿ ಮತ್ತೊಮ್ಮೆ ಕಟ್ಟಿದರು. ಮರುದಿನ ನೋಡಿದರೆ ಸಂಘದ ಖಾತೆಗೆ ಎರಡೂ ಬಂದಿದ್ದವು. ಒಂದನ್ನು ವಾಪಸು ಮಾಡಿದೆವು. "ಹೋದ ಹಣ ಆಗಲೇ ತಲುಪಬೇಕಲ್ಲವೇ ಸಾರ್?" ಎಂದು ಅವರು ಕೇಳಿದರು. ಆ ಪ್ರಶ್ನೆಯ ಬೆನ್ನು ಹಿಡಿದು ಓದಿ ತಿಳಿದದ್ದು ಇಷ್ಟು.

ಫೋನು, ಬ್ಯಾಂಕು ಇವೆಲ್ಲ ಬೇರೆ ಬೇರೆ ತಂತ್ರಾಂಶಗಳು. ಒಂದಕ್ಕೊಂದು ಸಂದೇಶ ಕಳಿಸಿಕೊಂಡು ಕೆಲಸ ಮಾಡುತ್ತವೆ. ಕಟ್ಟುವ ಮೊದಲು ಇಂಜಿನಿಯರುಗಳು ಚಿತ್ರ ಬರೆಯುತ್ತಾರೆ: ಒಂದೊಂದಕ್ಕೂ ಮೇಲಿನಿಂದ ಕೆಳಕ್ಕೆ ಒಂದು ಗೆರೆ, ಪ್ರತಿ ಸಂದೇಶಕ್ಕೂ ಗೆರೆಯಿಂದ ಗೆರೆಗೆ ಒಂದು ಬಾಣ. ಇದೇ ಮೆಸೇಜ್ ಸೀಕ್ವೆನ್ಸ್ ಚಾರ್ಟ್. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1990ರ ದಶಕದಲ್ಲಿ ಇದಕ್ಕೆ ಜೆಡ್.120 ಎಂಬ ಮಾನಕವನ್ನು ಹೊರತಂದಿತು.

ಒಂದೇ ಚಿತ್ರವನ್ನು ಇಬ್ಬರು ಎರಡು ರೀತಿ ಓದಬಾರದು. ಅದಕ್ಕಾಗಿ ಚಿತ್ರಕ್ಕೆ ಗಣಿತದಲ್ಲಿ ಖಚಿತ ಅರ್ಥ ಕೊಡುತ್ತಾರೆ. ಗುಮಾಸ್ತನಾಗಿದ್ದ ನನಗೆ ಇದು ಹಳೆಯ ಪರಿಚಯವೇ. ಔಟ್‌ವರ್ಡ್ ರಿಜಿಸ್ಟರಿನಲ್ಲಿ ನಂಬರ್ ಬಿದ್ದರೆ ಪತ್ರ ಹೊರಟಿತು ಎಂದಷ್ಟೇ. ತಲುಪಿದ್ದಕ್ಕೆ ಆಚೆ ಕಚೇರಿಯ ಇನ್‌ವರ್ಡ್ ನಂಬರೇ ಸಾಕ್ಷಿ. ಹಾಗೆಯೇ ಒಂದು ಬಾಣದಲ್ಲಿ ಎರಡು ಘಟನೆಗಳಿವೆ, ಕಳಿಸಿದ್ದು ಮತ್ತು ತಲುಪಿದ್ದು. ಮೂಲ ನಿಯಮವೂ ಎರಡೇ. ಒಂದೇ ಗೆರೆಯ ಘಟನೆಗಳು ಮೇಲಿನಿಂದ ಕೆಳಕ್ಕೆ ಕ್ರಮವಾಗಿ ನಡೆಯುತ್ತವೆ. ಕಳಿಸಿದ ಮೇಲೆಯೇ ತಲುಪುತ್ತದೆ. ಇವೆರಡರಿಂದ ಸಿಗದ ಹಿಂದುಮುಂದನ್ನು ನಾವಾಗಿ ಊಹಿಸಿಕೊಳ್ಳಬಾರದು.

ಇನ್ನೊಂದು ತೊಡಕೂ ಉಂಟು. ರಸೀದಿಯ ಬಾಣ ಬರೆದರೆ, ರಸೀದಿ ಬರಬಹುದು ಎಂದೋ, ಬರಲೇಬೇಕು ಎಂದೋ? ಸಾದಾ ಚಿತ್ರ ಅದನ್ನು ಹೇಳುವುದಿಲ್ಲ. ವರ್ನರ್ ಡಾಮ್ ಮತ್ತು ಡೇವಿಡ್ ಹ್ಯಾರೆಲ್ 2001ರ ಲೇಖನದಲ್ಲಿ ಈ ಎರಡನ್ನೂ ಬೇರೆ ಬೇರೆಯಾಗಿ ಗುರುತಿಸುವ ಲೈವ್ ಸೀಕ್ವೆನ್ಸ್ ಚಾರ್ಟನ್ನು ವಿವರಿಸಿದರು.

ನಮ್ಮ ರಾಜ್ಯದಲ್ಲೂ ಈ ಕೆಲಸ ನಡೆದಿದೆ. ಚೆನ್ನೈ ಗಣಿತ ಸಂಸ್ಥೆಯ ಮಾಧವನ್ ಮುಕುಂದ್, ಕೆ. ನಾರಾಯಣ ಕುಮಾರ್ ಅವರು ಪಿ. ಎಸ್. ತ್ಯಾಗರಾಜನ್ ಮೊದಲಾದವರ ಜೊತೆ 2005ರಲ್ಲಿ, ಇಂಥ ಚಿತ್ರಗಳ ಯಾವ ಸಮೂಹವನ್ನು ಸೀಮಿತ ನೆನಪಿನ ಯಂತ್ರಗಳು ನಡೆಸಬಲ್ಲವು ಎಂಬ ಸಿದ್ಧಾಂತ ಪ್ರಕಟಿಸಿದರು. ಕಂಪ್ಯೂಟರ್ ಓದುತ್ತಿರುವ ನಮ್ಮ ಮಕ್ಕಳು ಇದನ್ನು ಗಮನಿಸಲಿ.

ಕೊನೆಯದಾಗಿ ಒಂದು ವಿನಂತಿ. ರಸೀದಿ ತಡವಾಯಿತೆಂದರೆ ಹಣ ತಲುಪಿಲ್ಲ ಎಂದು ಅರ್ಥವಲ್ಲ. ಎರಡನೇ ಸಲ ಕಟ್ಟುವ ಮೊದಲು ವಹಿವಾಟಿನ ನಂಬರನ್ನು ನನಗೆ ಕಳಿಸಿ. ಖಾತೆ ನೋಡಿ ತಿಳಿಸುತ್ತೇನೆ.

– ಕಾರ್ಯದರ್ಶಿ, ಧಾರಾಪುರಂ