ಮಳೆ ನಿಂತಿದೆ, ಬಿಸಿಲು ಬಂದಿದೆ. ಆದರೂ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಯಾಕಿಲ್ಲ?

ಮಳೆಗಾಲ ಶುರುವಾದರೆ ವಾಟ್ಸ್‌ಆಪ್ ಗ್ರೂಪ್‌ಗಳಲ್ಲಿ ಒಂದು ಬಗೆಯ ಮೆಸೇಜ್ ಓಡಾಡುತ್ತದೆ. "ಆಫ್ ಸೀಸನ್‌ನಲ್ಲಿ ಹೋಗಿ, ಜನ ಇರಲ್ಲ, ರೂಮ್ ಅರ್ಧ ಬೆಲೆಗೆ ಸಿಗುತ್ತೆ, ದ್ವೀಪ ಪೂರ್ತಿ ನಿಮ್ಮದೇ." ಜೊತೆಗೆ ಹಸಿರು ತೆಂಗಿನ ಮರ, ಕಪ್ಪು ಬಂಡೆ, ನೀಲಿ ನೀರಿನ ಫೋಟೊ. ಉಡುಪಿಯ ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಬಗ್ಗೆಯೂ ಇಂಥವು ಬರುತ್ತವೆ.

ರೂಮ್ ಬೆಲೆ ಕಡಿಮೆ ಇರುತ್ತದೆ ಎನ್ನುವುದು ನಿಜ. ದ್ವೀಪದಲ್ಲಿ ಜನ ಇರುವುದಿಲ್ಲ ಎನ್ನುವುದೂ ನಿಜ. ಆದರೆ ಜನ ಇಲ್ಲದಿರುವುದಕ್ಕೆ ಕಾರಣ ಬೇರೆಯೇ ಇದೆ: ಮಳೆಗಾಲದಲ್ಲಿ ಅಲ್ಲಿಗೆ ಪ್ರವಾಸಿ ಬೋಟ್‌ಗಳೇ ಹೋಗುವುದಿಲ್ಲ. ಯಾಕೆ ಹೋಗುವುದಿಲ್ಲ ಎಂಬುದನ್ನು ತಿಳಿದುಕೊಂಡರೆ, ಯಾವಾಗ ಹೋಗಬೇಕು ಎಂಬುದೂ ಸುಲಭವಾಗಿ ಗೊತ್ತಾಗುತ್ತದೆ.

ಮೊದಲು ದ್ವೀಪದ ಬಗ್ಗೆ ಸ್ವಲ್ಪ

ಮಲ್ಪೆಯಿಂದ ಸುಮಾರು 6 ಕಿ.ಮೀ. ದೂರದಲ್ಲಿರುವ ನಾಲ್ಕು ಪುಟ್ಟ ದ್ವೀಪಗಳ ಗುಂಪು ಇದು. ಪ್ರವಾಸಿಗರು ಹೋಗುವುದು ಅದರಲ್ಲಿ ಒಂದಕ್ಕೆ, ಕೋಕನಟ್ ಐಲ್ಯಾಂಡ್‌ಗೆ. ಉದ್ದ ಸುಮಾರು ಅರ್ಧ ಕಿಲೋಮೀಟರ್ ಅಷ್ಟೇ. ಐದಾರು ಮುಖಗಳ ಕಂಬಗಳನ್ನು ಜೋಡಿಸಿಟ್ಟಂತೆ ಕಾಣುವ ಇಲ್ಲಿನ ಬಂಡೆಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಮತ್ತು ಭಾರತ ಬೇರೆಯಾಗುವ ಕಾಲದಲ್ಲಿ, ಲಾವಾ ತಣ್ಣಗಾಗಿ ಆದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಇಲ್ಲಿ ಊರಿಲ್ಲ, ಉಳಿದುಕೊಳ್ಳುವ ವ್ಯವಸ್ಥೆ ಇಲ್ಲ. ಅಂದರೆ ಹೋದ ಬೋಟ್ ವಾಪಸ್ ಬರಲೇಬೇಕು.

ನಂಬಿಕೆ 1: ಮಳೆ ಇಲ್ಲ ಅಂದರೆ ಸಮುದ್ರ ಶಾಂತ

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಮಳೆ ಬೀಳುವುದರಿಂದ ಅಲೆ ಏಳುವುದಿಲ್ಲ. ಅಲೆ ಏಳುವುದು ಗಾಳಿಯಿಂದ. ಆ ಗಾಳಿ ನಿಮ್ಮ ತಲೆಯ ಮೇಲೆಯೇ ಬೀಸಬೇಕು ಅಂತಲೂ ಇಲ್ಲ.

ಮಳೆಗಾಲದಲ್ಲಿ ಅರಬ್ಬಿ ಸಮುದ್ರದ ಮೇಲೆ ಸಾವಿರಾರು ಕಿಲೋಮೀಟರ್ ಉದ್ದಕ್ಕೂ ನೈಋತ್ಯದ ಗಾಳಿ ಬಿಡುವಿಲ್ಲದೆ ಬೀಸುತ್ತಿರುತ್ತದೆ. ಆ ಗಾಳಿ ಎಬ್ಬಿಸಿದ ಅಲೆಗಳು ಗಾಳಿಯ ಪ್ರದೇಶ ದಾಟಿದ ಮೇಲೂ ಸಾಗುತ್ತಲೇ ಇರುತ್ತವೆ. ಇವನ್ನು ಸ್ವೆಲ್ ಎನ್ನುತ್ತಾರೆ. ಒಂದು ಅಲೆ ಬಂದು 15 ಸೆಕೆಂಡ್ ಬಿಟ್ಟು ಇನ್ನೊಂದು ಬರುವಂಥ ಸ್ವೆಲ್ ಆಳ ಸಮುದ್ರದಲ್ಲಿ ಗಂಟೆಗೆ ಸುಮಾರು 42 ಕಿ.ಮೀ. ವೇಗದಲ್ಲಿ ಸಾಗುತ್ತದೆ. ದಿನಕ್ಕೆ ಸುಮಾರು 1,000 ಕಿ.ಮೀ. ಆಯಿತು. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ಎಬ್ಬಿಸಿದ ಅಲೆ ಐದಾರು ದಿನ ಬಿಟ್ಟು, ನೆತ್ತಿ ಸುಡುವ ಬಿಸಿಲಿನಲ್ಲೂ ನಮ್ಮ ಕರಾವಳಿಗೆ ಬಂದು ಅಪ್ಪಳಿಸಬಹುದು. ಕೇರಳದ ಮೀನುಗಾರರು ಇದನ್ನು 'ಕಳ್ಳಕ್ಕಡಲ್' ಎನ್ನುತ್ತಾರೆ. ಸದ್ದಿಲ್ಲದೆ ಕಳ್ಳನಂತೆ ಬರುವ ಕಡಲು ಅಂತ.

ಇನ್ನೊಂದು ಲೆಕ್ಕ ನೆನಪಿಡಿ. ಅಲೆಯ ಎತ್ತರ ಎರಡರಷ್ಟಾದರೆ ಅದರ ಶಕ್ತಿ ನಾಲ್ಕರಷ್ಟಾಗುತ್ತದೆ. ಒಂದು ಮೀಟರ್ ಅಲೆಯಲ್ಲಿ ಆರಾಮಾಗಿ ಸಾಗುವ ಬೋಟ್‌ಗೆ ಎರಡು ಮೀಟರ್ ಅಲೆ 'ಸ್ವಲ್ಪ ಜಾಸ್ತಿ' ಅಲ್ಲ.

ನಂಬಿಕೆ 2: ಮೀನುಗಾರರು ಹೋಗುತ್ತಾರಲ್ಲ, ನಾವೂ ಹೋಗಬಹುದು

ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಬೋಟ್‌ಗಳ ಮೀನುಗಾರಿಕೆಗೇ ನಿಷೇಧ ಇದೆ. ಮೀನಿನ ಸಂತಾನಾಭಿವೃದ್ಧಿ ಇದರ ಮುಖ್ಯ ಉದ್ದೇಶ. ಮೀನುಗಾರರ ಸುರಕ್ಷತೆಯೂ ಸೇರಿದೆ. ಆ ಸಮಯದಲ್ಲಿ ನೀರಿಗಿಳಿಯುವ ನಾಡದೋಣಿಯವರು ಹುಟ್ಟಿನಿಂದ ಆ ಕಡಲನ್ನೇ ನೋಡಿ ಬೆಳೆದವರು. ಅವರೂ ಎಷ್ಟೋ ದಿನ ದಡದಲ್ಲೇ ಉಳಿಯುತ್ತಾರೆ.

ಆಗಸ್ಟ್‌ನಲ್ಲಿ ದೊಡ್ಡ ಬೋಟ್‌ಗಳು ಹೊರಟರೂ ಪ್ರವಾಸಿ ಬೋಟ್‌ಗಳು ತಡವಾಗಿ ಶುರುವಾಗುವುದಕ್ಕೆ ಕಾರಣ ಇದೆ. ಮೀನುಗಾರರು ಅಲೆ ಒಡೆಯದ ಆಳ ನೀರಿಗೆ ಹೋಗುತ್ತಾರೆ. ಪ್ರವಾಸಿಗರು ಹೋಗುವುದು ಬಂಡೆಗಳ ಪಕ್ಕಕ್ಕೆ, ಅಲೆ ಒಡೆಯುವ ಜಾಗಕ್ಕೆ. ಅಲ್ಲಿ ಮಕ್ಕಳನ್ನು, ವಯಸ್ಸಾದವರನ್ನು ಬೋಟ್‌ನಿಂದ ಇಳಿಸಬೇಕು, ಮತ್ತೆ ಹತ್ತಿಸಬೇಕು. ಹೊರಡುವಾಗ ಅಳಿವೆಯನ್ನೂ ದಾಟಬೇಕು. ಮಳೆಗಾಲದಲ್ಲಿ ತುಂಬಿ ಹೊರಬರುವ ಹೊಳೆನೀರು, ಒಳನುಗ್ಗುವ ಅಲೆ ಎರಡೂ ಡಿಕ್ಕಿ ಹೊಡೆಯುವ ಜಾಗ ಅದು.

"ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟರೆ ಕರೆದುಕೊಂಡು ಹೋಗ್ತಾರೆ" ಎಂದು ಯಾರಾದರೂ ಹೇಳಿದರೆ ಬೇಡ ಎನ್ನಿ. ಏನಾದರೂ ಆದರೆ ಸಹಾಯಕ್ಕೆ ಬರಲು ಸುತ್ತ ಇನ್ನೊಂದು ಬೋಟ್ ಇರುವುದಿಲ್ಲ.

ನಂಬಿಕೆ 3: ಹತ್ತು ನಿಮಿಷ ನೋಡಿದ್ದೇನೆ, ಈ ಬಂಡೆವರೆಗೆ ಅಲೆ ಬರಲ್ಲ

ಸ್ವೆಲ್ ಅಲೆಗಳು ಗುಂಪು ಗುಂಪಾಗಿ ಬರುತ್ತವೆ. ಎಷ್ಟೋ ನಿಮಿಷ ಸಣ್ಣ ಅಲೆ, ಆಮೇಲೆ ಒಮ್ಮೆಲೇ ನಾಲ್ಕೈದು ದೊಡ್ಡವು. ಮುನ್ಸೂಚನೆಯಲ್ಲಿ '2 ಮೀಟರ್' ಎಂದಿದ್ದರೆ ಅದು ಬರುವ ಅಲೆಗಳಲ್ಲಿ ದೊಡ್ಡದಾದ ಮೂರನೇ ಒಂದು ಭಾಗದ ಸರಾಸರಿ. ಆ ದಿನ ಅದರ ಎರಡು ಪಟ್ಟಿನ ಹತ್ತಿರದ ಒಂಟಿ ಅಲೆಯೂ ಬರಬಹುದು.

ಇದು ಮಳೆಗಾಲದ ಮಾತು ಮಾತ್ರ ಅಲ್ಲ. 2022ರ ಏಪ್ರಿಲ್‌ನಲ್ಲಿ, ಬೋಟ್‌ಗಳು ಓಡಾಡುತ್ತಿದ್ದ ಸಮಯದಲ್ಲೇ, ಕೇರಳದಿಂದ ಪ್ರವಾಸ ಬಂದಿದ್ದ ಮೂವರು ವಿದ್ಯಾರ್ಥಿಗಳು ಇದೇ ದ್ವೀಪದ ಬಳಿ ಸಮುದ್ರಪಾಲಾದರು. ಪಾಚಿ ಹಿಡಿದ ಬಂಡೆ ಒದ್ದೆಯಾದರೆ ಗಾಜಿನ ಹಾಗೆ ಜಾರುತ್ತದೆ. ಬಿದ್ದವರನ್ನು ಅಲೆ ಅದೇ ಬಂಡೆಗೆ ಮತ್ತೆ ಮತ್ತೆ ಅಪ್ಪಳಿಸುತ್ತದೆ. ಅಲ್ಲಿ ಈಜು ಬಂದರೂ ಹೆಚ್ಚು ಉಪಯೋಗವಿಲ್ಲ.

ಹಾಗಾದರೆ ಆಫ್ ಸೀಸನ್ ಟ್ರಿಪ್ ಮಾಡುವುದೇ ಬೇಡವೇ?

ಖಂಡಿತ ಮಾಡಿ, ತಿಂಗಳು ನೋಡಿ ಮಾಡಿ. ಮಳೆಗಾಲ ಮುಗಿದು ಜಿಲ್ಲಾಡಳಿತ ಅನುಮತಿ ಕೊಟ್ಟು ಬೋಟ್ ಶುರುವಾದ ಮೇಲೆ, ದಸರಾ–ದೀಪಾವಳಿ ರಜೆ ಬಿಟ್ಟು, ವಾರದ ಮಧ್ಯದ ದಿನ ಹೋಗಿ. ಡಿಸೆಂಬರ್ ನೂಕುನುಗ್ಗಲೂ ಇಲ್ಲ, ರೂಮ್ ಬೆಲೆಯೂ ಏರಿರುವುದಿಲ್ಲ. ಬೋಟ್ ಶುರುವಾಗುವ ದಿನ ಪ್ರತಿ ವರ್ಷ ಒಂದೇ ಇರುವುದಿಲ್ಲ. ಹಾಗಾಗಿ ಬಸ್, ರೈಲು ಬುಕ್ ಮಾಡುವ ಮೊದಲೇ ವಿಚಾರಿಸಿ.

ಹೊರಡುವ ಮೊದಲು ಇಷ್ಟು ಮಾಡಿ:

• ಫೋನಿನ ಹವಾಮಾನ ಆಪ್‌ನಲ್ಲಿ ಮಳೆ ಮೋಡದ ಚಿತ್ರ ಮಾತ್ರ ನೋಡಬೇಡಿ. ಹೈದರಾಬಾದ್‌ನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್ಕಾಯ್ಸ್, ಅಲೆಯ ಎತ್ತರದ ಮುನ್ಸೂಚನೆಯನ್ನೂ ಎಚ್ಚರಿಕೆಯನ್ನೂ ಉಚಿತವಾಗಿ ಕೊಡುತ್ತದೆ. ಅದನ್ನು ನೋಡಿ.
• ಮಲ್ಪೆ ತಲುಪಿದ ಮೇಲೆ ಬೋಟ್ ರದ್ದಾಗಿದೆ ಎಂದರೆ ವಾದ ಮಾಡಬೇಡಿ. ಒಂದು ದಿನ ಹೆಚ್ಚು ಇಟ್ಟುಕೊಂಡೇ ಪ್ಲ್ಯಾನ್ ಮಾಡಿ.
• ಲೈಫ್ ಜಾಕೆಟ್ ಕೈಯಲ್ಲಿ ಹಿಡಿಯಬೇಡಿ, ಹಾಕಿಕೊಂಡು ಬಕಲ್ ಬಿಗಿ ಮಾಡಿ.
• ಕುಡಿಯುವ ನೀರು, ಟೋಪಿ, ಜಾರದ ಚಪ್ಪಲಿ ಜೊತೆಗಿರಲಿ. ಕೊನೆಯ ಬೋಟ್ ಸಮಯ ಇಳಿಯುವಾಗಲೇ ಕೇಳಿಕೊಳ್ಳಿ.
• ಒದ್ದೆಯಾಗಿ ಕಾಣುವ ಬಂಡೆ ಅಂದರೆ ಅಲ್ಲಿಗೆ ಅಲೆ ಬರುತ್ತದೆ ಅಂತಲೇ ಅರ್ಥ. ಫೋಟೊ ಒಣ ಜಾಗದಲ್ಲಿ ನಿಂತು ತೆಗೆಯಿರಿ.

ಮಳೆಗಾಲದಲ್ಲೇ ರಜೆ ಸಿಗುವುದಾದರೆ ಉಡುಪಿಗೆ ಹೋಗಿ ಬನ್ನಿ. ಕೃಷ್ಣ ಮಠ ಇದೆ, ಕಾಪುವಿನಲ್ಲಿ 1901ರ ದೀಪಸ್ತಂಭ ಇದೆ. ಕಡಲನ್ನು ದೂರದಿಂದ ನೋಡಿ. ಮಳೆಗಾಲದಲ್ಲಿ ಮಲ್ಪೆ ಬೀಚ್‌ನಲ್ಲಿ ಬಲೆ ಕಟ್ಟಿ ಜನ ನೀರಿಗಿಳಿಯದಂತೆ ತಡೆಯುತ್ತಾರೆ. ಫೋಟೊಗೋಸ್ಕರ ಆ ಬಲೆ ದಾಟಬೇಡಿ.

ಇನ್ನು 'ದ್ವೀಪ ಪೂರ್ತಿ ನಿಮ್ಮದೇ' ಮೆಸೇಜ್ ನಿಮ್ಮ ಫೋನಿಗೂ ಬಂದರೆ ಫಾರ್ವರ್ಡ್ ಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿ: "ಈಗ ಬೋಟ್ ಇದೆಯಾ?" ಇಲ್ಲ ಎಂದಾದರೆ ಆ ಮೆಸೇಜ್ ನಿಮ್ಮಲ್ಲೇ ನಿಲ್ಲಲಿ.