ಹಳೇ ಪಿಯಾನೊ: ಮುಚ್ಚಳದ ಹೆಸರು ನೋಡಿ ಬೆಲೆ ಕಟ್ಟಬೇಡಿ

ಬಳ್ಳಾರಿ ಸೀಮೆಯ ಸಂಡೂರಿನ ಬಳಿಯ ಯಶವಂತನಗರದಂಥ ಊರಿನ ಹಳೇ ಮನೆಯಲ್ಲಿ ಕಪ್ಪು-ಬಿಳಿ ಮನೆಗಳ (ಕೀಲಿಗಳ) ದೊಡ್ಡ ಪೆಟ್ಟಿಗೆ ಸಿಕ್ಕರೆ ಸಾಕು, ಅದು ಪಿಯಾನೊ ಎಂದಾಗುತ್ತದೆ, ಸಂಡೂರು ಅರಮನೆಯದು ಎಂಬ ಮಾತೂ ಸೇರಿಕೊಳ್ಳುತ್ತದೆ.

ಮೊದಲು ಮುಚ್ಚಳ ತೆಗೆದು ನೋಡಿ. ತಂತಿಗಳೂ ಅವನ್ನು ಬಡಿಯುವ ಸುತ್ತಿಗೆಗಳೂ ಇದ್ದರೆ ಪಿಯಾನೊ. ತಿದಿಯೂ ಹಿತ್ತಾಳೆ ರೀಡುಗಳೂ ಇದ್ದರೆ ಅದು ನಾಟಕ ಕಂಪನಿಗಳ ಕಾಲುಪೇಟಿ, ಅಂದರೆ ಕಾಲಿನ ಹಾರ್ಮೋನಿಯಂ. ರಂಗಭೂಮಿಯ ನೆಲವಾದ ಬಳ್ಳಾರಿ ಸೀಮೆಯಲ್ಲಿ ಅದೇ ಆಗಿರುವ ಸಂಭವ ಹೆಚ್ಚು. ಅದಕ್ಕೂ ಗೌರವವಿದೆ, ಆದರೆ ಬೆಲೆಯ ಲೆಕ್ಕ ಬೇರೆ.

ತಪ್ಪು ಕಲ್ಪನೆ: ಮೇಲೆ ಬರೆದ ಹೆಸರು ತಯಾರಕರದೇ.
ಸತ್ಯ: ಅದು ಮಾರಿದ ಅಂಗಡಿಯದೂ ಇರಬಹುದು. 1842ರಲ್ಲಿ ಮದರಾಸಿನಲ್ಲಿ ಶುರುವಾದ ಮಿಸ್ಕಿತ್ ಕಂಪನಿಯಂಥ ವಾದ್ಯದಂಗಡಿಗಳ ಮೂಲಕವೇ ಪಿಯಾನೊಗಳು ದಕ್ಷಿಣದ ಮನೆಗಳನ್ನು ಸೇರಿದ್ದು. ಗುರುತು ಸಿಗುವುದು ಒಳಗಿನ ಕಬ್ಬಿಣದ ಚೌಕಟ್ಟಿನ ಮೇಲೋ ಪಕ್ಕದ ಮರದ ಮೇಲೋ ಒತ್ತಿರುವ ಕ್ರಮಸಂಖ್ಯೆಯಲ್ಲಿ. ತಯಾರಕರ ಪಟ್ಟಿಯೊಂದಿಗೆ ಅದನ್ನು ಹೋಲಿಸಿದರೆ ವರ್ಷ ತಿಳಿಯುತ್ತದೆ. ಹೆಸರಿನ ಜೊತೆಗೆ ಪದಕಗಳ ಚಿತ್ರವಿದ್ದರೆ, ಅದರಲ್ಲಿರುವ ಇಸವಿ ಕಂಪನಿ ಬಹುಮಾನ ಪಡೆದದ್ದು, ನಿಮ್ಮ ಪಿಯಾನೊ ಹುಟ್ಟಿದ್ದಲ್ಲ.

ತಪ್ಪು ಕಲ್ಪನೆ: ಹಳೆಯದಾದಷ್ಟೂ ಬೆಲೆ ಹೆಚ್ಚು.
ಸತ್ಯ: ಒಳ್ಳೆಯ ಪಿಟೀಲಿನ ವಿಷಯದಲ್ಲಿ ಈ ಮಾತು ನಡೆದೀತು, ಪಿಯಾನೊಗೆ ನಡೆಯದು. ಇನ್ನೂರಕ್ಕೂ ಹೆಚ್ಚು ತಂತಿಗಳು ಒಟ್ಟಾಗಿ ಹದಿನೈದು ಟನ್ನಿಗೂ ಮೀರಿ ಎಳೆಯುತ್ತಿರುತ್ತವೆ. ಅವನ್ನು ಬಿಗಿಹಿಡಿಯುವ ಗೂಟಗಳು ಕೂತಿರುವುದು ಮರದ ಹಲಗೆಯಲ್ಲಿ. ನಮ್ಮ ಕಡೆಯ ಬೇಸಿಗೆಯ ಒಣ ಹವೆಗೆ ಆ ಮರ ಕುಗ್ಗುತ್ತದೆ, ಗೂಟ ಸಡಿಲಾಗುತ್ತದೆ, ಶ್ರುತಿ ನಿಲ್ಲುವುದಿಲ್ಲ. ಸುತ್ತಿಗೆಯ ಉಣ್ಣೆಗೆ ಹುಳ, ಪೆಟ್ಟಿಗೆಗೆ ಗೆದ್ದಲು ಬೇರೆ. ಎಷ್ಟೋ ಸಲ ದುರಸ್ತಿಯ ಖರ್ಚು ವಾದ್ಯದ ಬೆಲೆಯನ್ನೇ ಮೀರುತ್ತದೆ.

ದಂತದ ಮನೆಗಳಿದ್ದರೆ ಚಿನ್ನದ ಬೆಲೆ ಎನ್ನುವವರಿದ್ದಾರೆ. ಬಿಳಿ ಮನೆಯ ಮೇಲೆ ಅಡ್ಡಲಾಗಿ ಸಣ್ಣ ಜೋಡಣೆಯ ಗೆರೆ ಕಂಡರೆ ದಂತವಿರಬಹುದು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದಂತದ ವ್ಯಾಪಾರಕ್ಕೆ ನಿಷೇಧವಿದೆ. ಹಾಗಾಗಿ ಅದು ಲಾಭವಲ್ಲ, ಕಾನೂನಿನ ತೊಡಕು.

ಅರಮನೆಯ ಮಾತಿಗೂ ಪುರಾವೆ ಬೇಕು. ಸಂಡೂರು ಸಂಸ್ಥಾನ 1949ರಲ್ಲಿ ವಿಲೀನವಾಯಿತು; ಅದಕ್ಕೂ ಹಿಂದಿನ ರಸೀದಿ, ಪತ್ರ, ಹಳೇ ಫೋಟೊ ಏನಾದರೂ ಇದ್ದರೆ ಬೆಲೆ ಏರೀತು. ಬರೀ ಬಾಯಿಮಾತಿಗೆ ಯಾರೂ ದುಡ್ಡು ಕೊಡುವುದಿಲ್ಲ.

ಮಾರುವ ಮುಂಚೆ ಕ್ರಮಸಂಖ್ಯೆ, ಗೂಟದ ಹಲಗೆ, ಸುತ್ತಿಗೆಗಳ ಫೋಟೊ ತೆಗೆದಿಡಿ, ಶ್ರುತಿ ಮಾಡುವವರನ್ನು ಕರೆಸಿ ತೋರಿಸಿ. ಅಲ್ಲಿಯವರೆಗೆ ಪಾಲಿಶ್ ಹೊಡೆಸಬೇಡಿ, ಹೆಸರೂ ಸಂಖ್ಯೆಯೂ ಅಳಿಸಿಹೋದಾವು.